ಗಡಿಯ ಮಗುವಿನ ಇಂಗ್ಲಿಷೂ ಕನ್ನಡದ ವಿಭಕ್ತಿಯೂ

ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಮಾತು ಗಡಿನಾಡಿನಲ್ಲಿ ಈಗ ವಾದವಾಗಿ ಉಳಿದಿಲ್ಲ. ಎಲ್ಲರೂ ಒಪ್ಪಿಕೊಂಡ ಸತ್ಯವೆಂಬಂತೆ ಅದು ಚಲಾವಣೆಯಲ್ಲಿದೆ. ಈ ಮಾತಿಗೆ ಕೊಡುವ ಸಾಕ್ಷಿಯಾದರೂ ಏನು? ಹೆಚ್ಚಿನ ಸಲ ಕ್ರಿಯಾಪದದ ನಂತರ ಬರುವ ಒಂದು ಪುಟ್ಟ ಪದ. 'ಐ ಆಸ್ಕ್ಡ್ ಟು ಹಿಮ್', 'ವಿ ಡಿಸ್ಕಸ್ಡ್ ಅಬೌಟ್ ದ ಮ್ಯಾಟರ್', 'ಶಿ ಮ್ಯಾರೀಡ್ ವಿತ್ ಎ ಡಾಕ್ಟರ್' ಎಂದು ಹುಡುಗನೊಬ್ಬ ಬರೆದರೆ ಸಾಕು. ಸಂದರ್ಶನಕ್ಕೆ ಕೂತವರು ನಗುತ್ತಾರೆ, ಪಟ್ಟಣದ ನೆಂಟರು ನಗುತ್ತಾರೆ, ಹೆತ್ತವರು ನಾಚಿಕೊಂಡು ಅವನ ತಂಗಿಯನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುತ್ತಾರೆ. ಹಾಗೆ ಒಂದು 'ಟು', ಒಂದು 'ವಿತ್' ಕನ್ನಡ ಶಾಲೆಯಿಂದ ಒಂದು ಮಗುವನ್ನು ಕಳೆಯುತ್ತದೆ.

ಈ ಲೇಖನದ ವಾದ ಇಷ್ಟೆ. ಪ್ರಿಪೊಸಿಷನ್ ವಿಷಯದಲ್ಲಿ ನಮ್ಮ ಮಕ್ಕಳು ಮಾಡುವ ತಪ್ಪು ದಡ್ಡತನದಿಂದ ಹುಟ್ಟಿದ್ದಲ್ಲ. ಅದು ಮನೆಮಾತಿನ ವಿಭಕ್ತಿಯಿಂದ ಬಂದದ್ದು. ಅದನ್ನು ತಿದ್ದುವ ಕೀಲಿ ಬರೆಹದ ಕನ್ನಡದಲ್ಲಿಯೇ ಇದೆ. ಹೀಗಿರುವಾಗ ಇಂಗ್ಲಿಷಿಗಾಗಿ ಕನ್ನಡವನ್ನು ಬಿಡಿಸುವವರು ಮಗುವಿನ ಕೈಯಿಂದ ಆ ಕೀಲಿಯನ್ನೇ ಕಸಿದುಕೊಳ್ಳುತ್ತಿದ್ದಾರೆ.

ಕಾಸರಗೋಡಿನ ಓದುಗರಿಗೆ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಹೆಸರು ದೂರದ್ದೆನಿಸಬಹುದು. ಆದರೆ ಅವೂ ನಾವೂ ಒಂದೇ ಕಾನೂನಿನ ಮಕ್ಕಳು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕನ್ನು ಕೇರಳಕ್ಕೆ ಕೊಟ್ಟಿತು. ಅದೇ ಕಾಯಿದೆ ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಅಲಂಪುರ ತಾಲೂಕುಗಳನ್ನು ಆಂಧ್ರಕ್ಕೆ ಸೇರಿಸಿತು. ಮಕ್ತಲ್, ನಾರಾಯಣಪೇಟೆಗಳು ಹೈದರಾಬಾದ್ ಸಂಸ್ಥಾನದ ಮಹಬೂಬನಗರ ಜಿಲ್ಲೆಯೊಡನೆ ಆ ಕಡೆಗೇ ಹೋದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು, 2019ರಲ್ಲಿ ನಾರಾಯಣಪೇಟೆ ಜಿಲ್ಲೆಯಾಯಿತು. ಹಲಗೆಯ ಮೇಲಿನ ಹೆಸರು ಬದಲಾದರೂ ಕೃಷ್ಣೆಯ ಎರಡು ದಡದ ಮಾತು ಬದಲಾಗಲಿಲ್ಲ. ಕೃಷ್ಣಾ ರೈಲು ನಿಲ್ದಾಣ ತೆಲಂಗಾಣದಲ್ಲಿದೆ. ಸೇತುವೆ ದಾಟಿದರೆ ರಾಯಚೂರು ಜಿಲ್ಲೆ. ಸಂತೆಗೂ ಆಸ್ಪತ್ರೆಗೂ ಬೀಗತನಕ್ಕೂ ಜನ ರಾಯಚೂರು, ಯಾದಗಿರಿಗಳಿಗೆ ಹೋಗಿ ಬರುತ್ತಾರೆ. ಹರಿದಾಸ ಪರಂಪರೆಯ ಗೋಪಾಲದಾಸರು ನೆಲೆಸಿದ್ದ ಉತ್ತನೂರು ಗದ್ವಾಲ ಸೀಮೆಯದು. ಕೃಷ್ಣಾ, ಮಕ್ತಲ್ ಭಾಗದ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ನಡೆದುಬಂದಿವೆ.

ಅಲ್ಲಿನ ಮಗುವಿನ ಹೊರೆಯೂ ನಮ್ಮ ಮಗುವಿನ ಹೊರೆಯಂಥದೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಪಕ್ಕದ ಓಣಿಯಲ್ಲಿ ಉರ್ದು. 2018ರ ತೆಲಂಗಾಣ ಕಾನೂನು ಶಾಲೆಗಳಲ್ಲಿ ತೆಲುಗು ಕಲಿಕೆಯನ್ನು ಕಡ್ಡಾಯ ಮಾಡಿತು. ಅದಕ್ಕೆ ಒಂದು ವರ್ಷ ಮೊದಲು, 2017ರಲ್ಲಿ, ಕೇರಳ ಮಲಯಾಳ ಕಲಿಕೆಗೆ ಅಂಥದೇ ಕಾನೂನು ತಂದಿತ್ತು. ನೆಲದ ಭಾಷೆಯನ್ನು ಕಲಿಯುವುದಕ್ಕೆ ನಮ್ಮ ತಕರಾರಿಲ್ಲ. ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಆಮೇಲೆ 2022–23ರಿಂದ ತೆಲಂಗಾಣದ ಸರ್ಕಾರಿ ಶಾಲೆಗಳಲ್ಲಿ 1ರಿಂದ 8ನೆಯ ತರಗತಿಯವರೆಗೆ ಇಂಗ್ಲಿಷ್ ಮಾಧ್ಯಮ ಬಂದಿತು. ಒಂದು ಮಗ್ಗುಲಲ್ಲಿ ಇಂಗ್ಲಿಷ್, ಎದುರು ಮಗ್ಗುಲಲ್ಲಿ ತೆಲುಗು ಅಚ್ಚಾದ ಪಠ್ಯಪುಸ್ತಕಗಳು ಬಂದವು. ಹೊಸ ಭಾಷೆಯನ್ನು ತಿಳಿದ ಭಾಷೆಯ ಆಸರೆಯಿಂದ ಕಲಿಯಬೇಕು ಎಂಬ ತತ್ತ್ವವನ್ನು ಸರ್ಕಾರವೇ ಹೀಗೆ ಒಪ್ಪಿಕೊಂಡಿದೆ. ಹಾಗಾದರೆ ಕನ್ನಡ ಮನೆಯಿಂದ ತೆಲುಗು ಶಾಲೆಗೆ ಹೋಗುವ ಮಗುವಿಗೆ ಆ ಎದುರು ಪುಟ ಯಾರ ಭಾಷೆಯದು?

"ತೆಲುಗೂ ಕನ್ನಡವೂ ಅಕ್ಕತಂಗಿಯರು, ಒಂದು ಬಂದರೆ ಇನ್ನೊಂದು ಬಂದ ಹಾಗೆಯೇ" ಎಂದು ಸಮಾಧಾನ ಹೇಳುವವರಿದ್ದಾರೆ. ಅಕ್ಕತಂಗಿಯರೆಂಬುದು ನಿಜ. ಆದರೆ ಇಂಗ್ಲಿಷ್ ಪ್ರಿಪೊಸಿಷನ್ ಎಂಬ ಈ ಸಣ್ಣ ವಿಷಯದಲ್ಲಿ ಅಕ್ಕನ ದಾರಿ ಬೇರೆ, ತಂಗಿಯ ದಾರಿ ಬೇರೆ. ಎರಡೇ ಉದಾಹರಣೆ ಸಾಕು.

ಮೊದಲನೆಯದು, ಮೂರು ಭಾಷೆಗಳಿಗೂ ಸೇರಿದ 'ಕತ್ತಿ' ಎಂಬ ಪದ. ನಾವು 'ಕತ್ತಿಯಿಂದ ಕೊಯ್ದ' ಎನ್ನುತ್ತೇವೆ, 'ಊರಿನಿಂದ ಬಂದ' ಎನ್ನುತ್ತೇವೆ. ಎರಡಕ್ಕೂ ಒಂದೇ 'ಇಂದ'. ಶಾಲೆಯಲ್ಲಿ 'ಇಂದ ಅಂದರೆ ಫ್ರಮ್' ಎಂದು ಬಾಯಿಪಾಠ ಮಾಡಿಸಿದ್ದರಿಂದ ಮಗು 'ಕಟ್ ಫ್ರಮ್ ಎ ನೈಫ್' ಎಂದು ಬರೆಯುತ್ತದೆ. ತೆಲುಗಿನಲ್ಲಿ 'ಕತ್ತಿತೋ' ಬೇರೆ, 'ಊರಿನುಂಚಿ' ಬೇರೆ. ಆ 'ತೋ' ನೇರವಾಗಿ 'ವಿತ್' ಆಗುತ್ತದೆ. ತೆಲುಗು ಮಗು ಇಲ್ಲಿ ಎಡವುವುದೇ ಇಲ್ಲ. ಮಲಯಾಳದಲ್ಲಿಯೂ 'ಕತ್ತಿಕೊಂಡ್' ಬೇರೆ, 'ನಾಟ್ಟಿಲ್‌ನಿನ್ನ್' ಬೇರೆ. ಉರ್ದುವಿನ 'ಸೇ' ಮಾತ್ರ ನಮ್ಮ 'ಇಂದ'ದ ಹಾಗೆ ಎರಡೂ ಕೆಲಸ ಮಾಡುತ್ತದೆ.

ಎರಡನೆಯದು, 'ಕೇಳು'. ತೆಲುಗಿನಲ್ಲಿ 'ಅತನ್ನಿ ಅಡಿಗಾನು' ಎನ್ನುತ್ತಾರೆ. ಅದು ದ್ವಿತೀಯಾ, ಇಂಗ್ಲಿಷಿನ 'ಆಸ್ಕ್ಡ್ ಹಿಮ್'ಗೆ ಸರಿಯಾಗಿ ಕೂಡುತ್ತದೆ. ಉತ್ತರದ ಆಡುಗನ್ನಡದಲ್ಲಿ 'ಅವನಿಗೆ ಕೇಳು' ಎನ್ನುತ್ತಾರೆ; ಅದರ ಬೆನ್ನು ಹತ್ತಿ 'ಆಸ್ಕ್ಡ್ ಟು ಹಿಮ್' ಬರುತ್ತದೆ. ನಮ್ಮ ಕರಾವಳಿಯಲ್ಲಿ 'ಅವನತ್ರ ಕೇಳು' ಎನ್ನುತ್ತೇವೆ, ತುಳುವಿನಲ್ಲಿ 'ಆಯಡ' ಎನ್ನುತ್ತೇವೆ, ಮಲಯಾಳದಲ್ಲಿ 'ಅವನೋಟ್' ಎನ್ನುತ್ತಾರೆ; ನಮ್ಮ ಮಗುವಿನ ಕೈ ಹೋಗುವುದು 'ವಿತ್' ಕಡೆಗೆ. ಒಂದೇ ಕ್ರಿಯಾಪದ, ಒಂದೇ ಕನ್ನಡ; ಆದರೆ ಮಕ್ತಲ್‌ನ ಮಗುವಿನ ತಪ್ಪೊಂದು, ಮಂಜೇಶ್ವರದ ಮಗುವಿನ ತಪ್ಪು ಇನ್ನೊಂದು.

ಈಗ ಕೇಳಬೇಕಾದ ಪ್ರಶ್ನೆ ಇದು: ಕನ್ನಡ ಅರಿಯದ ಅಧ್ಯಾಪಕರು ಈ ತಪ್ಪನ್ನು ಹೇಗೆ ತಿದ್ದುತ್ತಾರೆ? ಕೆಂಪು ಶಾಯಿಯಲ್ಲಿ ಗೀರು ಎಳೆಯಬಲ್ಲರು. ಸರಿಯಾದ ಪದವನ್ನು ಮೇಲೆ ಬರೆಯಬಲ್ಲರು. ಆದರೆ ತಪ್ಪು ಎಲ್ಲಿಂದ ಬಂತೆಂಬುದು ಅವರಿಗೆ ಕಾಣುವುದಿಲ್ಲ. ಅವರ ಭಾಷೆಯಲ್ಲಿ ಆ ಗುಂಡಿಯೇ ಇಲ್ಲ. ಅವರನ್ನು ದೂರಬೇಕಾಗಿಲ್ಲ, ಅವರೂ ಶ್ರಮಪಡುತ್ತಾರೆ. ದೂರಬೇಕಾದುದು ಕನ್ನಡ ಮಕ್ಕಳ ಮುಂದೆ ಕನ್ನಡ ಬಾರದವರನ್ನು ನಿಲ್ಲಿಸಿ 'ಹುದ್ದೆ ತುಂಬಿದೆ' ಎಂದು ಕಡತ ಮುಚ್ಚುವ ಆಡಳಿತವನ್ನು. ಕಾಸರಗೋಡಿನಲ್ಲಿ ಇದಕ್ಕಾಗಿ ನಾವು ಎಷ್ಟು ಬಾರಿ ಬೀದಿಗಿಳಿದಿದ್ದೇವೆಂಬುದು ಈ ಪುಟಗಳ ಓದುಗರಿಗೆ ತಿಳಿಯದ್ದಲ್ಲ. ಆದರೆ ನಮ್ಮ ವಾದ ಯಾವಾಗಲೂ ಗಣಿತ, ವಿಜ್ಞಾನ, ಸಮಾಜ ಪಾಠಗಳ ಸುತ್ತಲೇ ಇತ್ತು. 'ಇಂಗ್ಲಿಷಿಗೆ ಕನ್ನಡ ಯಾಕೆ ಬೇಕು?' ಎಂದು ಎದುರಿನವರು ಕೇಳಿದಾಗ ನಾವು ಸುಮ್ಮನಾದೆವು. ಸುಮ್ಮನಾಗಬೇಕಾಗಿರಲಿಲ್ಲ. ಇಂಗ್ಲಿಷ್ ಪಾಠಕ್ಕೇ ಕನ್ನಡ ಬಲ್ಲ ಅಧ್ಯಾಪಕರು ಎಲ್ಲಕ್ಕಿಂತ ಹೆಚ್ಚಾಗಿ ಬೇಕು.

ಕನ್ನಡ ಬಲ್ಲವರು ಏನು ಮಾಡಬಲ್ಲರು? ನೋಡಿ. ನಮ್ಮ ಮಕ್ಕಳು ಬೇಡದ ಕಡೆ ಪ್ರಿಪೊಸಿಷನ್ ತುರುಕುವ ಇಂಗ್ಲಿಷ್ ಕ್ರಿಯಾಪದಗಳ ಗುಂಪೊಂದಿದೆ: ಡಿಸ್ಕಸ್, ರೀಚ್, ಮ್ಯಾರಿ, ಆಸ್ಕ್, ಎಂಟರ್, ರಿಸೆಂಬಲ್, ಅಪ್ರೋಚ್. ಇವುಗಳ ನಂತರ 'ಅಬೌಟ್', 'ಟು', 'ವಿತ್', 'ಇನ್‌ಟು' ಹಾಕಿ ಮಕ್ಕಳು ಅಂಕ ಕಳೆದುಕೊಳ್ಳುತ್ತಾರೆ. ಆಡುಮಾತಿನಲ್ಲಿ ನಾವು ಹೇಗೆ ಹೇಳುತ್ತೇವೆ? 'ವಿಷಯದ ಬಗ್ಗೆ ಚರ್ಚೆ ಮಾಡಿದರು', 'ಊರಿಗೆ ಮುಟ್ಟಿದರು', 'ಅವಳ ಜೊತೆ ಮದುವೆಯಾಯಿತು', 'ಅವನಿಗೆ ಕೇಳಿದ', 'ಮನೆಯೊಳಗೆ ಹೋದ'. ತಪ್ಪಿನ ಬೇರು ಇಲ್ಲಿಯೇ ಇದೆ. ಈಗ ಇದನ್ನೇ ಬರೆಹದ ಕನ್ನಡದಲ್ಲಿ ಹೇಳಿ: ವಿಷಯವನ್ನು ಚರ್ಚಿಸಿದರು, ಊರನ್ನು ತಲುಪಿದರು, ಅವಳನ್ನು ಮದುವೆಯಾದ, ಅವನನ್ನು ಕೇಳಿದ, ಮನೆಯನ್ನು ಪ್ರವೇಶಿಸಿದ, ತಂದೆಯನ್ನು ಹೋಲುತ್ತಾನೆ, ಊರನ್ನು ಸಮೀಪಿಸಿದ. ಏಳಕ್ಕೆ ಏಳೂ ದ್ವಿತೀಯಾ ವಿಭಕ್ತಿ! 'ಇಲ್ಲಿ ಅನ್ನು ಹಾಕಿ ಹೇಳಲು ಬರುತ್ತದೆಯೇ ನೋಡು. ಬಂದರೆ ಇಂಗ್ಲಿಷಿನಲ್ಲಿ ನಡುವೆ ಏನೂ ಬೇಡ' ಎಂದು ಒಂದು ಮಾತಿನಲ್ಲಿ ಹೇಳಿದರೆ ಈ ಏಳೂ ಕ್ರಿಯಾಪದಗಳ ಭಯ ಹೋಗುತ್ತದೆ.

ಇದು ಎಲ್ಲ ಬಾಗಿಲಿಗೂ ಹತ್ತುವ ಕೀಲಿಯೆಂದು ಹೇಳಿದರೆ ಸುಳ್ಳಾಗುತ್ತದೆ. 'ಅದನ್ನು ನೋಡು', 'ಪಾಠವನ್ನು ಆಲಿಸು', 'ನನ್ನನ್ನು ಕಾಯಿ' ಎಂಬಲ್ಲಿ ಕನ್ನಡದಲ್ಲಿ 'ಅನ್ನು' ಇದೆ. ಇಂಗ್ಲಿಷಿನಲ್ಲಿ 'ಲುಕ್ ಅಟ್', 'ಲಿಸನ್ ಟು', 'ವೇಟ್ ಫಾರ್' ಎನ್ನಲೇಬೇಕು. ಇವು ಎದುರು ಗುಂಪಿನವು. ಇವನ್ನು ಬೇರೆ ಪಟ್ಟಿ ಮಾಡಿ ಕಲಿಸಬೇಕು. 'ಗೆ' ವಿಭಕ್ತಿಯ ಕತೆ ಇನ್ನೂ ಉದ್ದ. 'ನನಗೆ ವಿವರಿಸು' ಎಂದರೆ 'ಟು ಮಿ', ಸರಿ. 'ಬಸ್ಸಿಗೆ ಕಾಯುತ್ತಿದ್ದೇನೆ' ಎಂದರೆ 'ಫಾರ್'. 'ನಾಯಿಗೆ ಹೆದರುತ್ತಾನೆ' ಎಂದರೆ 'ಆಫ್'. 'ಹತ್ತು ಗಂಟೆಗೆ ಬಾ' ಎಂದರೆ 'ಅಟ್'. 'ಮನೆಗೆ ಹೋಗು' ಎಂದರೆ ಏನೂ ಇಲ್ಲ, ಬರಿಯ 'ಗೋ ಹೋಮ್'. 'ಗೆ ಅಂದರೆ ಟು' ಎಂಬ ಒಂದೇ ಸಾಲಿನ ಪಾಠ ಐದರಲ್ಲಿ ನಾಲ್ಕು ಕಡೆ ಮಗುವನ್ನು ಹಳ್ಳಕ್ಕೆ ಕೆಡವುತ್ತದೆ. ಆದರೆ ಈ ಐದು ವಾಕ್ಯಗಳನ್ನು ಕನ್ನಡದಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದರೆ ಮಗುವಿಗೇ ನಗು ಬರುತ್ತದೆ: ಒಂದು 'ಗೆ' ಎಷ್ಟೊಂದು ಕೆಲಸ ಮಾಡುತ್ತಿದೆಯಲ್ಲ! ಆ ಬೆರಗು ಹುಟ್ಟಿದಲ್ಲಿಂದ ಕಲಿಕೆ ಮೊದಲಾಗುತ್ತದೆ.

ಅದಕ್ಕೆ ಬೇಕಾದ ವ್ಯಾಕರಣವೂ ಕನ್ನಡ ತರಗತಿಯಲ್ಲಿಯೇ ಇದೆ. ಒಂದು ವಿಭಕ್ತಿ ಬರಬೇಕಾದಲ್ಲಿ ಇನ್ನೊಂದು ಬರುವುದನ್ನು ನಮ್ಮ ಶಾಲಾ ವ್ಯಾಕರಣಗಳು 'ವಿಭಕ್ತಿ ಪಲ್ಲಟ' ಎಂದು ಕರೆಯುತ್ತವೆ. 'ಊರಿಗೆ ಸೇರಿದ' ಎನ್ನುವಲ್ಲಿ 'ಊರನ್ನು ಸೇರಿದ', 'ಬಂಡಿಯಿಂದ ಇಳಿದ' ಎನ್ನುವಲ್ಲಿ 'ಬಂಡಿಯನ್ನು ಇಳಿದ' ಎಂಬ ಉದಾಹರಣೆಗಳನ್ನು ಎಷ್ಟೋ ತಲೆಮಾರು ಬಾಯಿಪಾಠ ಮಾಡಿದೆ. ಕ್ರಿಯಾಪದ ಯಾವ ವಿಭಕ್ತಿಯನ್ನು ಕೇಳುತ್ತದೆ ಎಂಬುದು ಅರ್ಥದಿಂದಷ್ಟೇ ತೀರ್ಮಾನವಾಗುವುದಿಲ್ಲ, ಆ ಕ್ರಿಯಾಪದದ ರೂಢಿಯಿಂದಲೂ ತೀರ್ಮಾನವಾಗುತ್ತದೆ ಎಂಬ ತಿಳಿವು ಅದರಲ್ಲಿದೆ. ಇಂಗ್ಲಿಷಿನ ಪ್ರಿಪೊಸಿಷನ್ನಿನ ಗುಟ್ಟೂ ಇದೇ. ರೆನ್ ಮತ್ತು ಮಾರ್ಟಿನ್ನರ ವ್ಯಾಕರಣದಲ್ಲಿರುವ ಉದ್ದುದ್ದ ಪಟ್ಟಿಗಳು ಹೇಳುವುದೂ ಇದನ್ನೇ, ವಿವರಣೆಯೊಂದನ್ನು ಬಿಟ್ಟು. ವಿಭಕ್ತಿ ಪಲ್ಲಟ ತಿಳಿದ ಮಗುವಿಗೆ ಆ ಪಟ್ಟಿ ಪರಿಚಿತ ಮನೆ. ತಿಳಿಯದ ಮಗುವಿಗೆ ಸೆರೆಮನೆ.

ಇಲ್ಲಿ ಹೆತ್ತವರ ವಾದವನ್ನೂ ಗೌರವದಿಂದ ಕೇಳಬೇಕು. "ಈ ವ್ಯಾಕರಣವೆಲ್ಲ ಯಾಕೆ? ಎಲ್‌ಕೆಜಿಯಿಂದಲೇ ಇಂಗ್ಲಿಷಿನಲ್ಲಿ ಹಾಕಿದರೆ ತಾನಾಗಿ ಬರುತ್ತದೆ" ಎನ್ನುತ್ತಾರೆ. ತಾನಾಗಿ ಬರಬೇಕಾದರೆ ಕಿವಿಗೆ ಬೀಳಬೇಕು. ದಿನವಿಡೀ ಇಂಗ್ಲಿಷ್ ಕಿವಿಗೆ ಬೀಳುವ ಮನೆಯಲ್ಲಿ, ಓಣಿಯಲ್ಲಿ ಬೆಳೆದ ಮಗುವಿಗೆ 'ವೇಟ್ ಫಾರ್' ತಾನಾಗಿ ಬರುತ್ತದೆ, ನಿಜ. ಮಕ್ತಲ್‌ನ ಬಜಾರಿನಲ್ಲಿ, ನಾರಾಯಣಪೇಟೆಯ ಮಗ್ಗದ ಮನೆಯಲ್ಲಿ, ನಮ್ಮ ಬದಿಯಡ್ಕದ ಅಡಕೆ ತೋಟದಲ್ಲಿ ಮಗುವಿಗೆ ಇಂಗ್ಲಿಷ್ ಕೇಳಿಸುವುದು ಎಲ್ಲಿ? ತರಗತಿಯಲ್ಲಿ ಮಾತ್ರ, ಅದೂ ನಮ್ಮಂತೆಯೇ ಕಲಿತು ಬಂದ ಅಧ್ಯಾಪಕರ ಬಾಯಿಂದ. ಅಲ್ಲಿ 'ತಾನಾಗಿ' ಎಂಬುದು ನಡೆಯುವುದಿಲ್ಲ, ತಿಳಿಸಿಯೇ ಕಲಿಸಬೇಕು. ತಿಳಿಸುವುದು ಯಾವ ಭಾಷೆಯಲ್ಲಿ?

ಇನ್ನೊಂದು ನಷ್ಟವನ್ನು ಹೆತ್ತವರು ಲೆಕ್ಕಕ್ಕೆ ಹಿಡಿದಿಲ್ಲ. ಮೇಲೆ ಹೇಳಿದ 'ಊರನ್ನು ತಲುಪಿದ', 'ಅವನನ್ನು ಕೇಳಿದ' ಎಂಬ ರೂಪಗಳು ಮನೆಯ ಮಾತಿನಲ್ಲಿ ವಿರಳ. ಅವು ಪುಸ್ತಕದ ಕನ್ನಡ. ಕನ್ನಡ ಓದಿದ ಮಗುವಿಗೆ ಮಾತ್ರ ಸಿಗುವಂಥವು. ಕನ್ನಡ ಶಾಲೆಯನ್ನು ಬಿಟ್ಟ ಮಗುವಿನ ಬಾಯಲ್ಲಿ ಮನೆಯ ಕನ್ನಡ ಉಳಿಯುತ್ತದೆ, ಅಂದರೆ ತಪ್ಪಿನ ಬೇರು ಉಳಿಯುತ್ತದೆ. ಬರೆಹದ ಕನ್ನಡ ಹೋಗುತ್ತದೆ, ಅಂದರೆ ತಪ್ಪಿನ ಮದ್ದು ಹೋಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಷ್ಟು ನೇರವಾಗಿ ಎಲ್ಲಿಯೂ ಅನ್ವಯಿಸಿರಲಾರದು.

ನಮ್ಮ ಕನ್ನಡಾಭಿಮಾನಿಗಳಿಗೂ ಎರಡು ಮಾತು ಹೇಳಬೇಕಾಗಿದೆ. ನವೆಂಬರ್ ಒಂದರಂದು ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ಇಂಗ್ಲಿಷನ್ನು ಬೈದು, ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವವರನ್ನು ಎಲ್ಲ ಗಡಿಗಳಲ್ಲಿಯೂ ನೋಡಿ ಸಾಕಾಗಿದೆ. ಮಕ್ತಲ್‌ನ ಬಡ ನೇಕಾರನಿಗೂ ರೈತನಿಗೂ ಇಂಗ್ಲಿಷ್ ಬೇಡವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. 2023ರ ಅಕ್ಟೋಬರ್‌ನಲ್ಲಿ ಜಕ್ಲೇರ್‌ನಿಂದ ಕೃಷ್ಣಾವರೆಗಿನ ಹೊಸ ರೈಲು ಹಳಿ ಉದ್ಘಾಟನೆಯಾಯಿತು. ಆ ಸೀಮೆಯ ಹುಡುಗರು ಕೆಲಸ ಹುಡುಕಿ ಹೈದರಾಬಾದಿಗೆ ಹೋಗುವುದು ಇನ್ನೂ ಹೆಚ್ಚುತ್ತದೆ. ಅಲ್ಲಿ ಕೇಳುವುದು ಇಂಗ್ಲಿಷನ್ನೇ. ಅದನ್ನು ಚೆನ್ನಾಗಿ ಕಲಿಸುವ ದಾರಿಯನ್ನು ಕನ್ನಡದವರು ತೋರಿಸದಿದ್ದರೆ, ಕಲಿಸುತ್ತೇವೆಂದು ಬೋರ್ಡು ಹಾಕಿದವರ ಕಡೆಗೆ ಜನ ಹೋಗುತ್ತಾರೆ.

ನಮ್ಮ ಕನ್ನಡ ಪಾಠವೂ ಶುದ್ಧವಾಗಿಲ್ಲ. ತೃತೀಯೆಗೆ 'ಇಂದ', ಪಂಚಮಿಗೆ 'ದೆಸೆಯಿಂದ' ಎಂದು ಇಂದಿಗೂ ಕೋಷ್ಟಕ ಬರೆಸುತ್ತೇವೆ. 'ಊರಿನ ದೆಸೆಯಿಂದ ಬಂದ' ಎಂದು ಯಾವ ಕನ್ನಡಿಗ ಹೇಳಿದ್ದಾನೆ? ಸಂಸ್ಕೃತದ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯುವ ಈ ಪದ್ಧತಿಯನ್ನು ಡಿ.ಎನ್. ಶಂಕರ ಭಟ್ಟರು 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಪುಸ್ತಕದಲ್ಲಿ ಪ್ರಶ್ನಿಸಿ ಎರಡು ದಶಕಗಳೇ ಕಳೆದವು. ಇಲ್ಲದ ವ್ಯತ್ಯಾಸವನ್ನು ಕೋಷ್ಟಕದಲ್ಲಿ ತುಂಬುವ ನಾವು, ಇರುವ ವ್ಯತ್ಯಾಸವನ್ನು ಕಣ್ಣೆತ್ತಿ ನೋಡುವುದಿಲ್ಲ. ಉತ್ತರ ಕರ್ನಾಟಕದ ಹಲವು ಕಡೆ 'ಕೈಲೆ ಮಾಡಿದ', 'ಕೊಡಲಿಲೆ ಕಡಿದ' ಎನ್ನುತ್ತಾರೆ. 'ಊರಿಂದ ಬಂದ' ಎಂಬುದು ಬೇರೆ. ಈ 'ಲೆ' ಇಂಗ್ಲಿಷಿನ 'ವಿತ್', ಈ 'ಇಂದ' ಇಂಗ್ಲಿಷಿನ 'ಫ್ರಮ್'! ಪುಸ್ತಕದ ಕನ್ನಡ ಕೈಕೊಟ್ಟಲ್ಲಿ ಅಜ್ಜಿಯ ಕನ್ನಡ ಕೈಹಿಡಿಯುತ್ತದೆ. ಆದರೆ ಅದನ್ನು 'ಅಶುದ್ಧ' ಎಂದು ಶಾಲೆಯ ಹೊಸ್ತಿಲ ಹೊರಗೇ ನಿಲ್ಲಿಸಿದ್ದೇವೆ.

ಇಷ್ಟು ಚಿಕ್ಕ ಪದಗಳಿಗಾಗಿ ಇಷ್ಟು ದೊಡ್ಡ ಮಾತೇಕೆ ಎನ್ನುವವರು ನಮ್ಮ ಸಂವಿಧಾನವನ್ನೊಮ್ಮೆ ತೆಗೆದು ನೋಡಲಿ. ನಮ್ಮ ಶಾಲೆಗಳು ನಿಂತಿರುವುದು 350ಎ ವಿಧಿಯ ಮೇಲೆ. 1956ರ ಏಳನೆಯ ತಿದ್ದುಪಡಿಯಿಂದ ಬಂದದ್ದು ಅದು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ 'ಇನ್‌ಸ್ಟ್ರಕ್ಷನ್ ಇನ್ ದ ಮದರ್ ಟಂಗ್'ಗೆ ತಕ್ಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ ಆ ವಿಧಿ. ಆ 'ಇನ್' ಎಂದರೇನು? ಕನ್ನಡದಲ್ಲಿ 'ಮಾತೃಭಾಷೆಯಲ್ಲಿ ಶಿಕ್ಷಣ' ಎಂದರೆ ಎಲ್ಲ ಪಾಠವೂ ಆ ಭಾಷೆಯಲ್ಲಿ. 'ಮಾತೃಭಾಷೆಯ ಶಿಕ್ಷಣ' ಎಂದರೆ ಆ ಭಾಷೆಯ ಒಂದು ಪಿರಿಯಡ್ಡು. ಸಪ್ತಮಿಗೂ ಷಷ್ಠಿಗೂ ನಡುವೆ ಒಂದು ಇಡೀ ಶಾಲೆಯ ಅಂತರವಿದೆ. ಇಂಗ್ಲಿಷಿನಲ್ಲಿ ಆ ಅಂತರ ಅಷ್ಟು ಗಟ್ಟಿಯಲ್ಲ. 'ಇನ್‌ಸ್ಟ್ರಕ್ಷನ್ ಇನ್ ಮ್ಯಾಥಮ್ಯಾಟಿಕ್ಸ್' ಎಂದರೆ ಗಣಿತದ ಪಾಠ ಎಂದೇ ಅರ್ಥ. ವಾರಕ್ಕೆ ನಾಲ್ಕು ಕನ್ನಡ ಪಿರಿಯಡ್ ಕೊಟ್ಟು 'ವಿಧಿಯನ್ನು ಪಾಲಿಸಿದ್ದೇವೆ' ಎನ್ನುವ ಕಚೇರಿಯ ಎದುರು, ಈ 'ಇನ್' ಮಾಧ್ಯಮವನ್ನು ಹೇಳುತ್ತದೆಯೇ ಹೊರತು ವಿಷಯವನ್ನಲ್ಲ ಎಂದು ಇಂಗ್ಲಿಷಿನಲ್ಲಿಯೇ ವಾದಿಸಿ ಬರೆಯಬಲ್ಲವರು ಬೇಕು. ಭಾಷಾ ಅಲ್ಪಸಂಖ್ಯಾತರ ವಿಶೇಷ ಅಧಿಕಾರಿಗೆ, ಅಂದರೆ 350ಬಿ ವಿಧಿಯ ಆಯುಕ್ತರಿಗೆ, ಕೊಡುವ ಮನವಿಯನ್ನು ಬರೆಯುವವರು ನಾಳೆ ಇದೇ ಮಕ್ಕಳು. ಯಾವುದಕ್ಕೆ 'ಎಂಟೈಟಲ್ಡ್ ಟು', ಯಾವುದರಿಂದ 'ಡಿಪ್ರೈವ್ಡ್ ಆಫ್' ಎಂಬುದು ಅವರಿಗೆ ತಿಳಿದಿರಬೇಕು. ತಮ್ಮ ಶಾಲೆಯ ಹಕ್ಕನ್ನು ಕೇಳುವ ಅರ್ಜಿಯನ್ನು ಯಾರೂ ನಗುತ್ತ ಬದಿಗಿಡುವಂತಾಗಬಾರದು.

ಆದ್ದರಿಂದ ಬೇಡಿಕೆಗಳನ್ನು ಸ್ಪಷ್ಟವಾಗಿಯೇ ಇಡೋಣ. ಕನ್ನಡ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಹುದ್ದೆಗೆ ಕನ್ನಡ ಬಲ್ಲವರನ್ನೇ ನೇಮಿಸಬೇಕು. ಇದು ತೆಲಂಗಾಣಕ್ಕೂ ಕೇರಳಕ್ಕೂ ಒಂದೇ ಮಾತು. ತೆಲುಗು ಮಗುವಿಗೆ ತೆಲುಗು ಎದುರು ಪುಟ ಸಿಗುವ ಹಾಗೆ ಕನ್ನಡ ಮಗುವಿಗೆ ಕನ್ನಡ ಎದುರು ಪುಟ ಸಿಗಬೇಕು. ಮೂರನೆಯದಕ್ಕೆ ಯಾವ ಸರ್ಕಾರವನ್ನೂ ಕಾಯಬೇಕಾಗಿಲ್ಲ. ನೂರು ಇಂಗ್ಲಿಷ್ ಕ್ರಿಯಾಪದಗಳು, ಅವುಗಳ ಪಕ್ಕದಲ್ಲಿ ಬರೆಹದ ಕನ್ನಡದ ವಾಕ್ಯ, ರಾಯಚೂರು ಸೀಮೆಯ ಮಾತು, ಕಾಸರಗೋಡಿನ ಮಾತು, ಕೊನೆಗೆ ಸರಿಯಾದ ಪ್ರಿಪೊಸಿಷನ್: ಮೂವತ್ತೆರಡು ಪುಟದ ಪುಸ್ತಿಕೆಯೊಂದು ಸಾಕು. ಎರಡು ಗಡಿಗಳ ಅಧ್ಯಾಪಕರು ಒಂದು ಬೇಸಿಗೆ ರಜೆಯಲ್ಲಿ ಇದನ್ನು ಮಾಡಿ ಮುಗಿಸಬಲ್ಲರು. ಒಂದು ಸಮ್ಮೇಳನದ ಶಾಮಿಯಾನಕ್ಕೆ ತಗಲುವ ಹಣದಲ್ಲಿ ಎರಡೂ ಗಡಿಗಳ ಕನ್ನಡ ಶಾಲೆಗಳಿಗೆ ಇದನ್ನು ಹಂಚಬಹುದು.

ಹೆತ್ತವರಲ್ಲಿ ಕೇಳಿಕೊಳ್ಳುವುದು ಒಂ‌ದೇ. ಮಗುವನ್ನು ಸೇರಿಸುವ ಮುನ್ನ ಶಾಲೆಯವರನ್ನು ಹೀಗೆ ಕೇಳಿ: "ನನ್ನ ಮಗು 'ಆಸ್ಕ್ಡ್ ಟು ಹಿಮ್' ಎಂದು ಬರೆದರೆ, ಯಾಕೆ ಹಾಗೆ ಬರೆಯಿತೆಂದು ನಿಮ್ಮಲ್ಲಿ ಯಾರಿಗೆ ಗೊತ್ತು?" ಗೊತ್ತಿರುವವರ ಕೈಗೆ ಮಗುವನ್ನು ಒಪ್ಪಿಸಿ, ಅದು ಯಾವ ಬೋರ್ಡಿನ ಶಾಲೆಯಾದರೂ ಸರಿ. ಹಾಗೆ ಹುಡುಕುತ್ತ ಹೋದರೆ ಹೆಚ್ಚಿನವರು ಬಂದು ನಿಲ್ಲುವುದು ತಮ್ಮೂರ ಕನ್ನಡ ಶಾಲೆಯ ಬಾಗಿಲಲ್ಲೇ ಎಂಬುದು ನನ್ನ ನಂಬಿಕೆ. ಆ ಬಾಗಿಲು ತೆರೆದಿರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.